ಮೋಡದ ಮೇಲಿನ ರಾಜಧಾನಿಯಲ್ಲಿ ದೊಡ್ಡಪ್ಪನ ಟಾಕೀಸು!

ಬಸ್ಸು ಹೊರಡೋಕೆ ಇನ್ನೂ ಹೊತ್ತಿದೆ ತಾನೆ? ಹಾಗಾದ್ರೆ ಕಿಟಕಿ ಪಕ್ಕ ಸೀಟು ಹಿಡಿದು ಕೂತ್ಕೊಳ್ಳಿ. ಈ ವಾರ ಗಾಂಧಿನಗರದ ಮುಹೂರ್ತ, ಮನಸ್ತಾಪ, ಮದುವೆ ಸುದ್ದಿ ಎಲ್ಲ ಪಕ್ಕಕ್ಕಿಟ್ಟು ನಿಮ್ಮನ್ನು ಸ್ವಲ್ಪ ದೂರ ಕರಕೊಂಡು ಹೋಗ್ತೀನಿ. ಎಷ್ಟು ದೂರ ಅಂತೀರಾ? ಅರಬ್ಬೀ ಸಮುದ್ರ ದಾಟಿ, ಇಥಿಯೋಪಿಯಾ ದೇಶದ ರಾಜಧಾನಿ ಅಡಿಸ್ ಅಬಾಬಾಗೆ!

ಆಫ್ರಿಕಾ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ ಅಂತ ನನಗೆ ಗೊತ್ತು. ಸುಡು ಬಿಸಿಲು, ದಟ್ಟ ಕಾಡು, ಸಿಂಹ, ಮೈಗೆ ಬಣ್ಣ ಬಳಿದು ಈಟಿ ಹಿಡಿದು ನಾಯಕಿಯ ಸುತ್ತ ಕುಣಿಯುವ ಜನ. ಗೊತ್ತು, ಯಾಕಂದ್ರೆ ನನ್ನ ತಲೆಯೊಳಗೆ ಓಡ್ತಾ ಇದ್ದದ್ದೂ ಅದೇ ರೀಲು. ಆ ರೀಲು ಹೇಗೆ ತುಂಡಾಯ್ತು ಅನ್ನೋದೇ ಈ ಕಥೆ.

ಹೊರಟದ್ದು ಹೀಗೆ

2019ರ ನವೆಂಬರ್ ಕೊನೆ. ನನಗೆ ಆಗ ಇಪ್ಪತ್ತೆರಡು ವರ್ಷ. ಪಿಯುಸಿಗೆ ಕೈಮುಗಿದು ಐದು ವರ್ಷ ಆಗಿತ್ತು. ಪತ್ರಿಕೆಗಳಿಗೆ ಬಿಡಿ ಲೇಖನ ಬರೆಯೋದು, ಶೂಟಿಂಗ್ ಎಲ್ಲಿದ್ರೆ ಅಲ್ಲಿ ಊಟದ ಹೊತ್ತಿಗೆ ಸರಿಯಾಗಿ ಹಾಜರಾಗೋದು, ಇದೇ ನನ್ನ ಉದ್ಯೋಗ. ಒಬ್ಬ ನಿರ್ಮಾಪಕರು (ಹೆಸರು ಬೇಡ, ನನಗೆ ಬಾಕಿ ಇನ್ನೂ ಬರಬೇಕು!) ತಮ್ಮ ಹೊಸ ಚಿತ್ರದ ಎರಡು ಹಾಡನ್ನು ಆಫ್ರಿಕಾದಲ್ಲಿ ತೆಗೀಬೇಕು ಅಂತ ಪಟ್ಟು ಹಿಡಿದಿದ್ದರು. ಜಾಗ ನೋಡಿಕೊಂಡು ಬರೋಕೆ ಮ್ಯಾನೇಜರ್ ಸಾರ್, ಛಾಯಾಗ್ರಾಹಕರು ಹೊರಟರು. ಪ್ರಚಾರಕ್ಕೆ ಬರೆಯೋಕೂ ಆಯ್ತು, ಪೆಟ್ಟಿಗೆ ಹೊರೋಕೂ ಆಯ್ತು ಅಂತ ನನ್ನನ್ನೂ ಸೇರಿಸಿಕೊಂಡರು. ಗಲ್ಫ್ ಕೆಲಸದ ಆಸೆಗೆ ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಅವತ್ತು ಕೈಹಿಡಿಯಿತು.

ಊರಿಗೆ ಹೋಗಿ ವಿಷಯ ಹೇಳಿದಾಗ ಒಂದು ಪವಾಡವೇ ನಡೆಯಿತು. ನಮ್ಮ ದೊಡ್ಡಪ್ಪ ನನ್ನನ್ನು ಮಾತಾಡಿಸಿದರು!

ಇದರಲ್ಲೇನು ಪವಾಡ ಅಂತೀರಾ? ದೊಡ್ಡಪ್ಪ ಗಣಿತದ ಮೇಷ್ಟ್ರು. ನಾನು ಪಿಯುಸಿ ಬಿಟ್ಟ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದೇ ಮನೆಯ ಜಗಲಿಯಲ್ಲಿ ಕೂತರೂ "ಅವನಿಗೆ ಹೇಳಿ ಊಟಕ್ಕೆ ಏಳೋಕೆ" ಅಂತ ಗೋಡೆಗೆ ಹೇಳೋರು. ಅಂಥವರು ಅವತ್ತು, "ಲೋ, ಬಾ ಇಲ್ಲಿ. ಅಡಿಸ್‌ಗೆ ಹೋಗ್ತಿದೀಯಂತೆ?" ಅಂದರು.

ದೊಡ್ಡಪ್ಪ 1971ರಿಂದ 1975ರವರೆಗೆ ಅಡಿಸ್ ಅಬಾಬಾದಲ್ಲೇ ಮೇಷ್ಟ್ರಾಗಿದ್ದವರು. ಚಕ್ರವರ್ತಿ ಹೈಲೆ ಸೆಲಾಸಿ ಕಾಲದಲ್ಲಿ ಅಲ್ಲಿಯ ಶಾಲೆಗಳಿಗೆ ನಮ್ಮ ದೇಶದ ಮೇಷ್ಟ್ರುಗಳನ್ನು ತುಂಬಾ ಜನ ಕರೆಸಿಕೊಂಡಿದ್ದರು. ಕೇರಳದವರೇ ಹೆಚ್ಚು. ಆ ಗುಂಪಿನಲ್ಲಿ ತುಮಕೂರು ಜಿಲ್ಲೆಯ ನಮ್ಮ ದೊಡ್ಡಪ್ಪನೂ ಒಬ್ಬರು.

"ಪಿಯಾಸಾ ಅಂತ ಒಂದು ಪೇಟೆ. ಅಲ್ಲೊಂದು ಟಾಕೀಸು. ಶನಿವಾರ ಸಂಜೆ ನನ್ನ ಹುಡುಗರು ನನ್ನನ್ನ ಹಿಂದಿ ಪಿಕ್ಚರಿಗೆ ಎಳಕೊಂಡು ಹೋಗೋರು. ಅವರಿಗೆ ಹಿಂದಿ ಒಂದಕ್ಷರ ಬರಲ್ಲ. ನನಗೂ ಬರಲ್ಲ! 'ಅರ್ಥ ಹೇಳಿ ಸಾರ್' ಅಂತ ನನ್ನನ್ನೇ ಕೇಳೋರು. ನಾನು ಬಾಯಿಗೆ ಬಂದ ಕಥೆ ಕಟ್ಟಿ ಹೇಳ್ತಿದ್ದೆ. ಆದರೆ ತೆರೆ ಮೇಲೆ ತಾಯಿ ಅತ್ತಾಗ ಮಾತ್ರ ಯಾರೂ ಅರ್ಥ ಕೇಳ್ತಿರಲಿಲ್ಲ. ಇಡೀ ಟಾಕೀಸೇ ಅಳೋದು. ನಾನೂ ಅತ್ತಿದ್ದೀನಿ ಕಣೋ."

ಸಿನಿಮಾ ಹಿಂದೆ ಹೋಗಿ ಕೆಟ್ಟೆ ಅಂತ ನನ್ನನ್ನು ಮಾತು ಬಿಟ್ಟಿದ್ದ ಮನುಷ್ಯ ಸಿನಿಮಾ ನೋಡಿ ಅತ್ತಿದ್ದರಂತೆ! ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಒಂದು ನಕ್ಷೆ ಬರೆದುಕೊಟ್ಟರು. ಟಾಕೀಸಿನ ಹೆಸರು ಮರೆತಿದ್ದರು. "ಇದ್ರೆ ಒಂದು ಫೋಟೋ ಹೊಡಕೊಂಡು ಬಾ" ಅಂದರು. ಅಷ್ಟೇ.

ಏಳು ವರ್ಷ ಚಿಕ್ಕವನಾದೆ!

ಮುಂಬೈಯಿಂದ ವಿಮಾನದಲ್ಲಿ ಸುಮಾರು ಆರು ಗಂಟೆ. ಬೆಳಗಿನ ಜಾವ ಇಳಿದಾಗ ಮ್ಯಾನೇಜರ್ ಸಾರ್ ತೆಳು ಅಂಗಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಗಡಗಡ ನಡುಗುತ್ತಿದ್ದರು. ನಡುಗದೆ ಇನ್ನೇನು? ನಮ್ಮ ಬೆಂಗಳೂರು ಇರೋದು ಸಮುದ್ರ ಮಟ್ಟದಿಂದ 900 ಮೀಟರ್ ಚಿಲ್ಲರೆ ಎತ್ತರದಲ್ಲಿ. ಕರ್ನಾಟಕಕ್ಕೇ ಎತ್ತರದ ಶಿಖರ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ. ಅಡಿಸ್ ಅಬಾಬಾ ಊರಿಗೆ ಊರೇ 2,300 ಮೀಟರಿಗಿಂತ ಮೇಲೆ ಕೂತಿದೆ. ಮುಳ್ಳಯ್ಯನಗಿರಿ ನೆತ್ತಿಗಿಂತ ಮೇಲೆ ಒಂದು ಮೆಜೆಸ್ಟಿಕ್ಕು, ಒಂದು ಶಿವಾಜಿನಗರ ಇದ್ದಂಗೆ ಅಂದುಕೊಳ್ಳಿ.

ಹೋಟೆಲಿನಲ್ಲಿ ಇನ್ನೊಂದು ಮಜಾ. ಡ್ರೈವರ್ "ನಾಳೆ ಒಂದು ಗಂಟೆಗೆ ಬರ್ತೀನಿ" ಅಂದ. ನಾವು ಮಧ್ಯಾಹ್ನ ಅಂದುಕೊಂಡು ಮಲಗಿದ್ದರೆ ಬೆಳಿಗ್ಗೆ ಏಳಕ್ಕೇ ಬಂದು ಹಾರ್ನ್ ಹೊಡೆಯುತ್ತಿದ್ದ! ಅಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲಿಂದ. ನಮ್ಮ ಏಳು ಅವರ ಒಂದು. ನಗಬೇಡಿ, ನಮ್ಮ ಅಜ್ಜಂದಿರು ಘಳಿಗೆ ಎಣಿಸುತ್ತಿದ್ದದ್ದೂ ಸೂರ್ಯೋದಯದಿಂದಲೇ. ವರ್ಷಕ್ಕೆ ಅವರಿಗೆ ಹದಿಮೂರು ತಿಂಗಳು: ಮೂವತ್ತು ದಿನದ ಹನ್ನೆರಡು, ಕೊನೆಗೆ ಐದಾರು ದಿನದ ಒಂದು ಪುಟ್ಟ ತಿಂಗಳು. ಸೆಪ್ಟೆಂಬರ್ 11ರ ಸುಮಾರಿಗೆ ಯುಗಾದಿ. ನಾವು ಹೋದಾಗ ಅಲ್ಲಿ ಇನ್ನೂ 2012 ನಡೀತಾ ಇತ್ತು. ವಿಮಾನ ಇಳಿಯುವಷ್ಟರಲ್ಲಿ ನಾನು ಏಳು ವರ್ಷ ಚಿಕ್ಕವನಾಗಿದ್ದೆ. ಪಿಯುಸಿಗೆ ಮತ್ತೆ ಸೇರಬಹುದಿತ್ತು!

ಊರು ಅಷ್ಟೇನೂ ಹಳೆಯದಲ್ಲ. 1886ರಲ್ಲಿ ರಾಜ ಮೆನೆಲಿಕ್, ರಾಣಿ ತೈತು ಬಿಸಿನೀರಿನ ಬುಗ್ಗೆಗಳ ಹತ್ತಿರ ಕಟ್ಟಿಸಿದ್ದು. ಅಡಿಸ್ ಅಬಾಬಾ ಅಂದರೆ 'ಹೊಸ ಹೂವು'. ಹೆಸರಿಟ್ಟವರು ರಾಣಿ. ಸುತ್ತಲ ನಾಡಿನ ಒರೋಮೊ ಜನ ಮಾತ್ರ ಈಗಲೂ 'ಫಿನ್‌ಫಿನ್ನೆ' ಅಂತಲೇ ಕರೀತಾರೆ. ಬೀದಿಗಿಳಿದರೆ ನಮ್ಮ ಊರಿನದೇ ಗಲಾಟೆ. ನೀಲಿ ಬಿಳಿ ಬಣ್ಣದ ಮಿನಿ ಬಸ್ಸುಗಳು; ಬಾಗಿಲಲ್ಲಿ ನೇತಾಡುತ್ತಾ ಊರ ಹೆಸರು ಕೂಗುವ ಹುಡುಗರು. "ಪಿಯಾಸ ಪಿಯಾಸ ಪಿಯಾಸ!" ಅಂತ ಕೂಗೋದು ಕೇಳಿದರೆ, "ಯಶವಂತಪುರ ಯಶವಂತಪುರ" ಅಂದಂಗೇ ಇತ್ತು.

ಊಟದ ವಿಷಯ. 'ತೆಫ್' ಅನ್ನೋ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ದೊಡ್ಡ ಹೆಂಚಿನ ಮೇಲೆ ಹುಯ್ದರೆ 'ಇಂಜೆರಾ'. ತಟ್ಟೆಯಗಲದ ಹುಳಿ ದೋಸೆ ಅನ್ನಿ. ಮೇಲೆ ಕಡಲೆ ಹಿಟ್ಟಿನ ಗೊಜ್ಜು, ಬೇಳೆ, ಸೊಪ್ಪು. ಬುಧವಾರ, ಶುಕ್ರವಾರ ಅಲ್ಲಿಯ ಕ್ರೈಸ್ತರಿಗೆ ಉಪವಾಸ. ಮಾಂಸ, ಹಾಲು, ಬೆಣ್ಣೆ ಯಾವುದೂ ಮುಟ್ಟಲ್ಲ. ಪಕ್ಕಾ ಸಸ್ಯಾಹಾರಿ ಮ್ಯಾನೇಜರ್ ಸಾರ್ ಆ ಎರಡು ದಿನ ಹೊಟ್ಟೆ ಬಿರಿಯೆ ಉಂಡರು! ಎಲ್ಲರಿಗೂ ಒಂದೇ ತಟ್ಟೆ. ಪ್ರೀತಿ ಜಾಸ್ತಿಯಾದರೆ ತುತ್ತು ಮಾಡಿ ಇನ್ನೊಬ್ಬರ ಬಾಯಿಗೆ ಇಡ್ತಾರೆ. ಅದಕ್ಕೆ 'ಗುರ್ಶಾ' ಅಂತ ಹೆಸರು. ನಮ್ಮ ಕೈತುತ್ತು.

ಮೆರ್ಕಾಟೊ ಅನ್ನೋ ಮಹಾ ಸಂತೆಯಲ್ಲಿ ಕಾಳಿನ ಚೀಲಗಳ ಮುಂದೆ ನಾನು ನಿಂತೇಬಿಟ್ಟೆ. ಒಂದು ಚೀಲದಲ್ಲಿ ರಾಗಿ! ನಮ್ಮ ರಾಗಿನೇ! ಅವರು 'ದಾಗುಸ' ಅಂತಾರೆ. ಆಮೇಲೆ ಓದಿ ತಿಳಕೊಂಡೆ: ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ನಾಡಿನ ಬೆಳೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದಲೇ ನಮ್ಮ ಕಡೆ ಬಂದದ್ದು. ಮುದ್ದೆ ತಿಂದು ಬೆಳೆದ ನಾನು ಮುದ್ದೆಯ ತವರಿನಲ್ಲಿ ನಿಂತಿದ್ದೆ.

ಸೈತಾನನ ಮನೆ

ಮೂರನೇ ದಿನ ಮ್ಯಾನೇಜರ್ ಸಾರ್ ಪರ್ಮಿಷನ್ ಕಾಗದ ಹಿಡಿದು ಆಫೀಸು ಅಲೆಯೋಕೆ ಹೋದರು. ನಾನು ಲಗ್ನಪತ್ರಿಕೆ ಜೇಬಿಗಿಟ್ಟುಕೊಂಡು ಪಿಯಾಸಾಗೆ ಹೋದೆ.

ಪಿಯಾಸಾ ಅನ್ನೋದು ಇಟಲಿ ಭಾಷೆಯ ಹೆಸರು. 1896ರಲ್ಲಿ ಅಡ್ವಾ ಅನ್ನೋ ಜಾಗದಲ್ಲಿ ಮೆನೆಲಿಕ್‌ನ ಸೈನ್ಯ ಇಟಲಿಯವರನ್ನು ಹಿಗ್ಗಾಮುಗ್ಗಾ ಸೋಲಿಸಿ ಓಡಿಸಿತ್ತು. ನಲವತ್ತು ವರ್ಷ ಬಿಟ್ಟು, ವಿಮಾನ, ವಿಷಾನಿಲ ತಗೊಂಡು ಮತ್ತೆ ಬಂದ ಇಟಲಿ 1936ರಿಂದ 1941ರವರೆಗೆ ಊರನ್ನು ಹಿಡಿದಿಟ್ಟುಕೊಂಡಿತು. ಕುದುರೆ ಏರಿದ ಮೆನೆಲಿಕ್‌ನ ಪ್ರತಿಮೆಯನ್ನೇ ಕಿತ್ತು ಹೂತಿದ್ದರಂತೆ. ಅವರು ಹೋದ ಮೇಲೆ ಜನ ಅದನ್ನು ಮತ್ತೆ ತಂದು ನಿಲ್ಲಿಸಿದ್ದಾರೆ. ದೊಡ್ಡಪ್ಪನ ನಕ್ಷೆಯಲ್ಲಿ ಮೊದಲ ಗುರುತೇ ಆ ಕುದುರೆ.

ಸಿನಿಮಾ ಆ ಊರಿಗೆ ಬಂದ ಕಥೆ ನಮ್ಮ ಓದುಗರು ಕೇಳಲೇಬೇಕು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿ ಚಿತ್ರ ತೋರಿಸುವ ಮನೆ ಬಂದಾಗ ಜನ ಇಟ್ಟ ಹೆಸರು 'ಯೆ ಸೈತಾನ್ ಬೇತ್'. ಅಂದರೆ ಸೈತಾನನ ಮನೆ! ಕತ್ತಲ ಕೋಣೆಯಲ್ಲಿ ಗೋಡೆ ಮೇಲೆ ಮನುಷ್ಯರು ಓಡಾಡಿದರೆ ಇನ್ನೇನನ್ನಬೇಕು? ನಮ್ಮ ದೊಡ್ಡಪ್ಪನೂ ನನಗೆ ಅದನ್ನೇ ತಾನೆ ಹೇಳಿದ್ದು, "ಸಿನಿಮಾ ಅನ್ನೋ ದೆವ್ವ ಹಿಡಿದಿದೆ" ಅಂತ.

ಕುದುರೆಯಿಂದ ಇಳಿಜಾರು, ಒಡವೆ ಅಂಗಡಿಗಳ ಸಾಲು, ಬೇಕರಿ, ಎಡಕ್ಕೆ ತಿರುವು. ಮೂರು ಸಲ ದಾರಿ ತಪ್ಪಿದೆ. ನಾಲ್ಕನೇ ಸಲ ಸಿಕ್ಕಿತು. ಕಬ್ಬಿಣದ ಗೇಟು, ಮೇಲೆ ಬಣ್ಣ ಹೋದ ಬೋರ್ಡು, ಟಿಕೆಟ್ ಕೊಡುವ ಗೂಡು. ಗೂಡಿನ ರಂಧ್ರ ನಮ್ಮ ತುಮಕೂರಿನ ಟಾಕೀಸಿನದರಷ್ಟೇ ಸಣ್ಣದು, ಕೈ ಹಾಕಿದರೆ ತರಚಬೇಕು! ಗೇಟಿನಲ್ಲಿ ಬಿಳಿ ಶಾಲು ಹೊದ್ದ ಒಬ್ಬ ಮುದುಕ. ನಾನು "ಇಂಡಿಯಾ" ಅಂದೆ. ಎದ್ದು ನಿಂತ. ಕಣ್ಣು ಮುಚ್ಚಿ ಒಂದು ಹಳೇ ಹಿಂದಿ ಹಾಡಿನ ಧಾಟಿಯನ್ನು ಗುನುಗೋಕೆ ಶುರು ಮಾಡಿದ. ಮಾತು ಯಾವುದೂ ಸರಿ ಇಲ್ಲ, ಧಾಟಿ ಮಾತ್ರ ಕೂದಲೆಳೆ ತಪ್ಪಿಲ್ಲ. ನಾನೂ ಗುನುಗಿದೆ. ಗೇಟಿನಲ್ಲಿ ನಿಂತು ಇಬ್ಬರೂ ಒಂದು ಪಲ್ಲವಿ ಮುಗಿಸಿದ್ವಿ. ಹೋಗಿ ಬರೋರೆಲ್ಲ ನಿಂತು ನೋಡಿ ನಕ್ಕರು.

ಒಳಗೆ ಬಿಟ್ಟ. ಮರದ ಕುರ್ಚಿ, ಹಳಸಿದ ಪರದೆ, ಬಾಲ್ಕನಿ. ದೊಡ್ಡಪ್ಪ ಕೂತು ಅತ್ತದ್ದು ಇಲ್ಲೇ. ಹೊರಗೆ ಬಂದು ಮುದುಕನನ್ನು ಗೇಟಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆದೆ.

ಚಕ್ರವರ್ತಿಯನ್ನು ಇಳಿಸಿದ ಚಿತ್ರ

ದೊಡ್ಡಪ್ಪ ಹೇಳಿದ್ದ ಇನ್ನೊಂದು ವಿಷಯ ಅವತ್ತು ರಾತ್ರಿಯೆಲ್ಲ ತಲೆಯಲ್ಲಿ ಕೊರೆಯಿತು. ನಾವು ಅಭಿಮಾನಿಗಳು ಸಿನಿಮಾದ ಶಕ್ತಿ ಅಂದರೆ ನೂರು ದಿನ, ಇಪ್ಪತ್ತೈದು ವಾರ ಅಂತೀವಿ. ಈ ಊರಲ್ಲಿ ಒಂದು ಚಿತ್ರ ಚಕ್ರವರ್ತಿಯನ್ನೇ ಕೆಳಗಿಳಿಸಿತ್ತು!

1973ರಲ್ಲಿ ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದಲ್ಲಿ ಭೀಕರ ಬರ. ಜನ ಸಾಯುತ್ತಿದ್ದರೂ ಸರ್ಕಾರ ಮುಚ್ಚಿಟ್ಟಿತ್ತು. ಬ್ರಿಟನ್ನಿನ ಜೊನಾಥನ್ ಡಿಂಬಲ್‌ಬಿ ಎಂಬ ಪತ್ರಕರ್ತ ಅಲ್ಲಿಗೆ ಹೋಗಿ ತೆಗೆದ ಟಿವಿ ಚಿತ್ರ ಆ ಅಕ್ಟೋಬರ್‌ನಲ್ಲಿ ಲೋಕಕ್ಕೆಲ್ಲ ಗುಟ್ಟು ಬಿಚ್ಚಿತು. ಮುಂದಿನ ವರ್ಷ ಸೈನ್ಯದವರು ದಂಗೆ ಎದ್ದರು. 1974ರ ಸೆಪ್ಟೆಂಬರ್ 11, ಅವರ ಹೊಸ ವರ್ಷದ ರಾತ್ರಿ. ಅದೇ ಚಿತ್ರವನ್ನು ಅಡಿಸ್ ಅಬಾಬಾದ ಟಿವಿಯಲ್ಲಿ ಹಾಕಿದರು. ಹಾಕಿದ್ದು ಸುಮ್ಮನೆ ಅಲ್ಲ. ಒಂದು ಶಾಟ್ ಹಸಿದ ಮಗು, ಮುಂದಿನ ಶಾಟ್ ಅರಮನೆಯ ಔತಣ. ಮತ್ತೆ ಹಸಿದ ತಾಯಿ, ಮತ್ತೆ ಅರಮನೆ. ಸಂಕಲನಕಾರನ ಕತ್ತರಿಗೆ ಎಂಥ ಹರಿತ ನೋಡಿ! ಮಾರನೇ ದಿನ ಬೆಳಿಗ್ಗೆ ಸೈನಿಕರು ಅರಮನೆಗೆ ಹೋಗಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಆಳಿದ ಚಕ್ರವರ್ತಿಯನ್ನು ಒಂದು ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿಕೊಂಡು ಹೋದರು.

ಆ ರಾತ್ರಿ ದೊಡ್ಡಪ್ಪ ಬಾಡಿಗೆ ಮನೆಯವರ ಟಿವಿ ಮುಂದೆ ಕೂತಿದ್ದರಂತೆ. "ಚಿತ್ರ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಮನೆಯೊಡತಿ ಎದ್ದು ಹೋಗಿ ಹಬ್ಬದ ಅಡುಗೆ ಮುಚ್ಚಿಟ್ಟಳು" ಅಂದಿದ್ದರು. ಆಮೇಲೆ ಬಂದ ಸೈನಿಕ ಸರ್ಕಾರ ಇನ್ನೂ ಕ್ರೂರ. ಊರ ಬೀದಿಗಳಲ್ಲಿ ವಿದ್ಯಾರ್ಥಿಗಳನ್ನೇ ಕೊಂದು ಬಿಸಾಡಿತು. 1984ರಲ್ಲಿ ಮತ್ತೆ ಬರ, ಮತ್ತೆ ಲೋಕದ ಟಿವಿಗಳಲ್ಲೆಲ್ಲ ಎಲುಬು ಕಾಣುವ ಮಕ್ಕಳು. ಆ ಚಿತ್ರ ಎಷ್ಟು ಬಲವಾಗಿ ಅಂಟಿಕೊಂಡಿತೆಂದರೆ, ಇವತ್ತಿಗೂ ಇಥಿಯೋಪಿಯಾ ಅಂದರೆ ನಮಗೆ ಬೇರೆ ಏನೂ ತೋಚುವುದಿಲ್ಲ.

ಬೆಟ್ಟ ಹತ್ತಿ ಹಳ್ಳಿ ಕಡೆಗೆ

ಐದನೇ ದಿನ ಹೊರಾಂಗಣ ನೋಡೋಕೆ ಉತ್ತರಕ್ಕೆ ಹೊರಟೆವು. ಊರ ನೆತ್ತಿಯ ಮೇಲೇ ಎಂಟೊಟೊ ಬೆಟ್ಟಸಾಲು. ಎತ್ತರ 3,000 ಮೀಟರ್ ದಾಟುತ್ತೆ. 1889ರಲ್ಲಿ ಮೆನೆಲಿಕ್‌ಗೆ ಚಕ್ರವರ್ತಿ ಪಟ್ಟ ಕಟ್ಟಿದ ಚರ್ಚು ಅಲ್ಲೇ ಇದೆ. ಛಾಯಾಗ್ರಾಹಕರು ಕ್ಯಾಮೆರಾ ಎತ್ತಿಕೊಂಡು ಇಪ್ಪತ್ತು ಹೆಜ್ಜೆ ನಡೆದು ಉಸಿರು ಸಿಕ್ಕದೆ ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ಪಕ್ಕದಲ್ಲೇ ಹುಡುಗರು ಹುಡುಗಿಯರು ಗುಂಪು ಗುಂಪಾಗಿ ಜಿಂಕೆಗಳಂಗೆ ಓಡುತ್ತಾ ಹೋದರು! 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೇಬೆ ಬಿಕಿಲಾನ ದೇಶ ಅಲ್ಲವೇ? ಇನ್ನೊಬ್ಬ ಮಹಾ ಓಟಗಾರ ಹೈಲೆ ಗೆಬ್ರೆಸೆಲಾಸಿಯ ಜೀವನವೇ 1999ರಲ್ಲಿ 'ಎಂಡ್ಯೂರೆನ್ಸ್' ಅನ್ನೋ ಚಿತ್ರವಾಯಿತು. ಅದರಲ್ಲಿ ನಾಯಕ ಬೇರೆ ಯಾರೂ ಅಲ್ಲ, ಅವನೇ!

ಬೆಟ್ಟದ ತುಂಬ ನೀಲಗಿರಿ ಮರ. ಊರು ಕಟ್ಟಿದ ಹತ್ತೇ ವರ್ಷದಲ್ಲಿ ಸುತ್ತಲ ಕಾಡೆಲ್ಲ ಸೌದೆಗೆ ಖಾಲಿಯಾಗಿ, ಮೆನೆಲಿಕ್ ರಾಜಧಾನಿಯನ್ನೇ ಬೇರೆ ಕಡೆ ಸಾಗಿಸಬೇಕು ಅಂತಿದ್ದ. ಆಗ ಆಸ್ಟ್ರೇಲಿಯಾದ ನೀಲಗಿರಿ ಬಂದು ರಾಜಧಾನಿಯನ್ನು ಉಳಿಸಿತು. ಈಗ ಮನೆಗೆ ಕಂಬ, ಒಲೆಗೆ ಸೌದೆ, ಹೊಸ ಕಟ್ಟಡಗಳಿಗೆ ಸಾರುವೆ, ಎಲ್ಲಕ್ಕೂ ಅದೇ. ಆದರೆ ಆ ಸೌದೆ ಬೆಟ್ಟ ಇಳಿಯುವುದು ಲಾರಿಯಲ್ಲಲ್ಲ. ಹೆಂಗಸರ ಬೆನ್ನ ಮೇಲೆ. ತಮಗಿಂತ ಅಗಲದ ಹೊರೆ ಹೊತ್ತು ನೆಲ ನೋಡಿಕೊಂಡು ಇಳಿಯುತ್ತಾರೆ. ಕ್ಯಾಮೆರಾ ಎತ್ತಿದ ಛಾಯಾಗ್ರಾಹಕರು ಒಬ್ಬಾಕೆ ತಲೆ ಎತ್ತಿ ನೋಡಿದ ಕೂಡಲೇ ಕೆಳಗಿಳಿಸಿದರು. "ಬೇಡ ಬಿಡು, ಕೇಳದೆ ತೆಗೆಯೋದು ತಪ್ಪು" ಅಂದರು.

ಬೆಟ್ಟ ದಾಟಿದರೆ ಸುಲುಲ್ತಾ ಬಯಲು. ಅಬ್ಬಾ! ಕಣ್ಣು ಹಾಯುವವರೆಗೂ ಹೊನ್ನಿನ ಬಣ್ಣದ ತೆಫ್ ಹೊಲ, ಬಾರ್ಲಿ, ಗೋಧಿ. ಡಿಸೆಂಬರ್ ಅಂದರೆ ಅಲ್ಲಿ ಸುಗ್ಗಿ. ದನ ಹೊಡೆಯುವ ಹುಡುಗರು, ಬಿಳಿ ಶಾಲು ಹೊದ್ದ ಕುದುರೆ ಸವಾರರು. ಎಲ್ಲಿದೆ ಕಾಡು? ಎಲ್ಲಿದೆ ಸಿಂಹ? ಮ್ಯಾನೇಜರ್ ಸಾರ್ ಮುಖ ಬಾಡುತ್ತಾ ಬಂತು.

ಸುಮಾರು 100 ಕಿಲೋಮೀಟರ್ ಹೋದರೆ ಡೆಬ್ರೆ ಲಿಬಾನೋಸ್ ಮಠ. ಹದಿಮೂರನೇ ಶತಮಾನದ್ದು. ಪಕ್ಕದಲ್ಲೇ ನೆಲ ಸೀಳಿದಂತೆ ಪ್ರಪಾತ. ಅಂಚಿನಲ್ಲಿ ಕುರಿಗಳಂತೆ ಕೂತು ಹುಲ್ಲು ಮೇಯುವ ಜೆಲಾಡ ಕೋತಿಗಳು. ಗಡವಗಳಿಗೆ ಸಿಂಹದ ಕೇಸರ, ಎದೆಯ ಮೇಲೆ ಕೆಂಪು ಹೃದಯದ ಗುರುತು, ನಮ್ಮ ಅಭಿಮಾನಿಗಳ ಹಚ್ಚೆಯಂತೆ! ಇಥಿಯೋಪಿಯಾದ ಎತ್ತರದ ನಾಡು ಬಿಟ್ಟರೆ ಇವು ಬೇರೆಲ್ಲೂ ಇಲ್ಲ. ನಗುತ್ತಾ ಫೋಟೋ ತೆಗೆದವರು ಮಠದ ಅಂಗಳಕ್ಕೆ ಬಂದಾಗ ಸುಮ್ಮನಾದೆವು. 1937ರಲ್ಲಿ ಇಟಲಿಯ ಸೈನ್ಯ ಇಲ್ಲಿಯ ನೂರಾರು ಸನ್ಯಾಸಿಗಳನ್ನು ಹಿಡಿದು ಗುಂಡಿಟ್ಟು ಕೊಂದಿತು ಅಂತ ಡ್ರೈವರ್ ಹೇಳಿದ. ಅವನು ಟೋಪಿ ತೆಗೆದ. ನಾವೂ ಚಪ್ಪಲಿ ಬಿಟ್ಟು ನಿಂತೆವು.

ಕಣದಲ್ಲಿ ನಡೆದ ಜಗಳ

ವಾಪಸ್ ಬರುವಾಗ ಡ್ರೈವರ್ ದಾರಿ ಬಿಟ್ಟು ಮಣ್ಣು ರಸ್ತೆಗೆ ತಿರುಗಿಸಿದ. "ನನ್ನ ಚಿಕ್ಕಪ್ಪನ ಮನೆ. ಕಾಫಿ ಕುಡಿಯದೆ ಹೋದರೆ ನನ್ನನ್ನು ಬೈತಾರೆ" ಅಂದ.

ಮನೆ ಮುಂದೆ ಕಣ. ಸಗಣಿ ಸಾರಿಸಿದ ಕಣ! ಎತ್ತುಗಳನ್ನು ಸಾಲಾಗಿ ಕಟ್ಟಿ ತೆಫ್ ಹುಲ್ಲಿನ ಮೇಲೆ ಸುತ್ತ ಹೊಡೆಯುತ್ತಿದ್ದರು. ಉತ್ತರ ಕರ್ನಾಟಕದವರು ಇದಕ್ಕೆ ಹಂತಿ ಅಂತಾರೆ. ಹಿಂದೆ ಒಬ್ಬ ಹಾಡು ಹೇಳುತ್ತಾ ಎತ್ತು ಹೊಡೆಯುತ್ತಿದ್ದ. ಒಳಗೆ ಡ್ರೈವರನ ಚಿಕ್ಕಮ್ಮ ನೆಲಕ್ಕೆ ಹಸಿ ಹುಲ್ಲು ಹಾಸಿ, ಹಸಿ ಬೀಜ ತೊಳೆದು, ನಮ್ಮ ಎದುರಿಗೇ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಕಾಫಿ ಗಿಡ ಹುಟ್ಟಿದ ದೇಶ ಅದು. ಯೆಮೆನ್‌ಗೆ ಹೋಗಿ, ಅಲ್ಲಿಂದ ಬಾಬಾಬುಡನ್ ಅವರ ಜೊತೆ ನಮ್ಮ ಚಿಕ್ಕಮಗಳೂರಿಗೆ ಬಂತು ಅಂತ ನಾವು ಕೇಳಿದ್ದೇವಲ್ಲ, ಆ ಗಿಡದ ಮೂಲ ಮನೆ. ಒಂದು ಲೋಟ ಕುಡಿದು ಏಳುವಂತಿಲ್ಲ, ಮೂರು ಸುತ್ತು ಆಗಲೇಬೇಕು. ಮೂರನೆಯದಕ್ಕೆ 'ಬೆರೆಕಾ', ಅಂದರೆ ಆಶೀರ್ವಾದ ಅಂತ ಹೆಸರು. ಕಾಫಿ ಜೊತೆ ನೆಂಚಿಕೊಳ್ಳೋಕೆ ಏನು ಗೊತ್ತಾ? ಪಾಪ್‌ಕಾರ್ನ್! ಇಂಟರ್ವಲ್ ಇಲ್ಲದೆ ಪಾಪ್‌ಕಾರ್ನ್ ತಿಂದದ್ದು ಅದೇ ಮೊದಲು.

ಎರಡನೇ ಸುತ್ತು ನಡೆಯುತ್ತಿದ್ದಾಗ ಮ್ಯಾನೇಜರ್ ಸಾರ್ ಕಣದ ಕಡೆ ಕೈ ತೋರಿಸಿ ಡ್ರೈವರ್‌ಗೆ ಇಂಗ್ಲಿಷಿನಲ್ಲಿ ಹೇಳಿದರು: "ಜಾಗ ಚೆನ್ನಾಗಿದೆ. ಈ ಜನಕ್ಕೇ ಎಲೆ ಉಡುಪು ಹಾಕಿಸಿ, ಮೈಗೆ ಬಣ್ಣ ಬಳಿಸಿ, ಕೈಗೊಂದು ಈಟಿ ಕೊಟ್ಟರೆ ಎಷ್ಟು ದುಡ್ಡು ಕೇಳ್ತಾರೆ? ಹೀರೋಯಿನ್ ಸುತ್ತ ಕುಣಿದರೆ ಸಾಕು."

ಡ್ರೈವರ್ ತಕ್ಷಣ ಉತ್ತರ ಕೊಡಲಿಲ್ಲ. ಚಿಕ್ಕಮ್ಮನ ಕಡೆ ನೋಡಿದ. ಆಕೆ ಹಬ್ಬಕ್ಕೆ ಉಡುವ ಬಿಳಿ ಸೆರಗು ಹೊದ್ದು ನಮಗೆ ಲೋಟ ತುಂಬಿಸುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದ:

"ಸಾರ್, ನಾನು ಚಿಕ್ಕಂದಿನಿಂದ ನಿಮ್ಮ ದೇಶದ ಪಿಕ್ಚರ್ ನೋಡಿದ್ದೀನಿ. ನಿಮ್ಮ ತಾಯಂದಿರು ಹೇಗಿರ್ತಾರೆ, ಅಣ್ಣ ತಮ್ಮ ಹೇಗಿರ್ತಾರೆ, ಸಾಲಗಾರ ಮನೆಗೆ ಬಂದರೆ ಹೇಗೆ ಅಳ್ತಾರೆ, ಎಲ್ಲ ನನಗೆ ಗೊತ್ತು. ನೀವು ನಮ್ಮದು ಒಂದಾದ್ರೂ ಪಿಕ್ಚರ್ ನೋಡಿದ್ದೀರಾ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಎತ್ತಿನ ಹಿಂದಿನ ಹಾಡು ಮಾತ್ರ ಕೇಳುತ್ತಿತ್ತು.

ದಾರಿಯಲ್ಲಿ ಅವನೇ ಇನ್ನಷ್ಟು ಹೇಳಿದ. ಅವರು ಒರೋಮೊ ಜನ. ಅವರಪ್ಪನ ಹೊಲ ರಾಜಧಾನಿಗೆ ಇನ್ನೂ ಹತ್ತಿರ ಇತ್ತು. ಊರು ಬೆಳೆಯುತ್ತಾ ಬಂದು ಹೊಲವನ್ನು ನುಂಗಿತು. ಸಿಕ್ಕ ಪರಿಹಾರ ಒಂದು ಹಳೆ ಕಾರಿಗೆ ಸಾಕಾಯಿತು, ಅದೇ ಈ ಕಾರು. 2014ರಲ್ಲಿ ಸರ್ಕಾರ ರಾಜಧಾನಿಯನ್ನು ಸುತ್ತಲ ಹಳ್ಳಿಗಳಿಗೆ ಹಿಗ್ಗಿಸುವ ನಕ್ಷೆ ತಂದಾಗ ಒರೋಮೊ ಹುಡುಗರು ಬೀದಿಗಿಳಿದರು. ನೂರಾರು ಜನ ಗುಂಡಿಗೆ ಬಲಿಯಾದರು. 2016ರ ಜನವರಿಯಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. "ಚಿಕ್ಕಪ್ಪನ ಕಣ ಉಳಿದದ್ದು ಹಾಗೆ" ಅಂದ. ನಾವು ಸೆಟ್ ಅಂದುಕೊಂಡಿದ್ದ ಜಾಗಕ್ಕೆ ಅಷ್ಟು ರಕ್ತ ಸುರಿದಿತ್ತು.

ರಾತ್ರಿ ಹೋಟೆಲಿನಲ್ಲಿ ಮ್ಯಾನೇಜರ್ ಸಾರ್ ನನ್ನನ್ನು ಕರೆದು, "ಕಾಡು ಜನರ ನಡುವೆ ಕನ್ನಡದ ನಾಯಕಿ ಅಂತ ಒಂದು ಲೇಖನ ಬರಿ, ಬಂದ ಕೂಡಲೇ ಪ್ರಚಾರ ಶುರು" ಅಂದರು. ನಾನು ಆಗಲ್ಲ ಸಾರ್ ಅಂದೆ. "ಪಿಯುಸಿ ಫೇಲಿಗೆ ಇಷ್ಟು ಕೊಬ್ಬಾ?" ಅಂದರು. "ಫೇಲಲ್ಲ ಸಾರ್, ಬಿಟ್ಟದ್ದು" ಅಂದೆ. ಛಾಯಾಗ್ರಾಹಕರು ನಕ್ಕು, "ಹುಡುಗ ಹೇಳೋದು ಸರಿ ಇದೆ ಬಿಡ್ರಿ. ನಾನೂ ಆ ಶಾಟ್ ಇಡಲ್ಲ" ಅಂದರು. ಅಲ್ಲಿಗೆ ನನ್ನ ಸಂಭಾವನೆಗೆ ಎಳ್ಳುನೀರು.

ಡ್ರೈವರ್ ಕೇಳಿದ ಪ್ರಶ್ನೆಗೆ ಉತ್ತರ

ಊರಿಗೆ ಬಂದ ಮೇಲೆ ಹುಡುಕಿ ಹುಡುಕಿ ನೋಡಿದೆ. ಹೈಲೆ ಗೆರಿಮಾ ಅನ್ನೋ ನಿರ್ದೇಶಕ ಇದ್ದಾರೆ. ಚಕ್ರವರ್ತಿ ಬೀಳುವ ಹೊತ್ತಿನಲ್ಲಿ ಕಪ್ಪು ಬಿಳುಪಿನಲ್ಲಿ ಅವರು ತೆಗೆದ, 1976ರಲ್ಲಿ ಬಂದ 'ಹಾರ್ವೆಸ್ಟ್: 3000 ಇಯರ್ಸ್' ನೋಡಿ. ಜಮೀನ್ದಾರ, ಒಕ್ಕಲು, ಎತ್ತು, ನೇಗಿಲು. ನಮ್ಮದೇ ಹಳ್ಳಿ! ಅವರದೇ 'ತೇಜಾ' 2008ರಲ್ಲಿ ವೆನಿಸ್‌ನಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಗೆದ್ದಿತು. 2014ರ 'ಡಿಫ್ರೆಟ್' ಚಿತ್ರದಲ್ಲಿ, ಅಡಿಸ್ ಅಬಾಬಾದ ಆಚೆ ಹಳ್ಳಿಯೊಂದರಲ್ಲಿ ಬಲವಂತದ ಮದುವೆಗೆ ಹೊತ್ತೊಯ್ದವನನ್ನು ಶಾಲೆಯ ಹುಡುಗಿಯೇ ಗುಂಡಿಟ್ಟು ಕೊಲ್ಲುತ್ತಾಳೆ. ರಾಜಧಾನಿಯ ವಕೀಲೆಯೊಬ್ಬಳು ಅವಳಿಗಾಗಿ ಹೋರಾಡುತ್ತಾಳೆ. ನಿಜವಾಗಿ ನಡೆದ ಮೊಕದ್ದಮೆ ಅದು. ಆ ವಕೀಲೆ ಮಿಯಾಜಾ ಅಶೆನಾಫಿ 2018ರಲ್ಲಿ ದೇಶದ ಸುಪ್ರೀಂ ಕೋರ್ಟಿನ ಅಧ್ಯಕ್ಷೆಯಾದರು! 2015ರ 'ಲ್ಯಾಂಬ್'ನಲ್ಲಿ ಒಬ್ಬ ಹುಡುಗ, ಒಂದು ಕುರಿ, ಅಷ್ಟೇ. ಕಾನ್ ಚಿತ್ರೋತ್ಸವದ ಅಧಿಕೃತ ವಿಭಾಗಕ್ಕೆ ಹೋದ ಮೊದಲ ಇಥಿಯೋಪಿಯಾ ಚಿತ್ರ. ಎಲೆ ಉಡುಪು, ಈಟಿ ಒಂದರಲ್ಲೂ ನನಗೆ ಕಾಣಲಿಲ್ಲ.

ನಮಗೂ ಅವರಿಗೂ ನಂಟು ಹೊಸದೇನಲ್ಲ. ಅಬಿಸೀನಿಯಾದವರನ್ನೇ ಹಿಂದೆ ನಮ್ಮ ಕಡೆ ಹಬ್ಶಿಗಳು ಅನ್ನುತ್ತಿದ್ದದ್ದು. ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಪ್ರಧಾನಿಯಾಗಿದ್ದ ಇಖ್ಲಾಸ್ ಖಾನ್ ಹಬ್ಶಿಯೇ. ಅಂಥವರ ಕಥೆಗೆ ನಮ್ಮಲ್ಲಿ ನಿರ್ಮಾಪಕರಿಲ್ಲ. ಎಲೆ ಉಡುಪಿಗಾದರೆ ಇದ್ದಾರೆ!

ಕೊನೆಯ ಫೋಟೋ

ನಮ್ಮ ಆ ಚಿತ್ರ ಸೆಟ್ಟೇರಲೇ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಚಿತ್ರ ಡಬ್ಬಕ್ಕೂ ಸೇರದೆ ಸತ್ತಿತು. ಅದೇ ನವೆಂಬರ್‌ನಲ್ಲಿ ಇಥಿಯೋಪಿಯಾದ ಉತ್ತರದ ಟಿಗ್ರೆಯಲ್ಲಿ ಯುದ್ಧ ಶುರುವಾಯಿತು. ನಾವಿದ್ದಾಗ ಊರೆಲ್ಲ ಅವರ ಪ್ರಧಾನಿ ಅಬಿಯ್ ಅಹ್ಮದ್‌ಗೆ ಶಾಂತಿ ನೊಬೆಲ್ ಬಂದ ಸಂಭ್ರಮದಲ್ಲಿತ್ತು. ಒಂದೇ ವರ್ಷದಲ್ಲಿ ಹೀಗಾಯಿತು. ಆ ಯುದ್ಧ ನಿಲ್ಲೋಕೆ 2022ರ ನವೆಂಬರ್ ಆಯಿತು. ಡ್ರೈವರ್ ಆಗಾಗ ಒಂದು ಸಂದೇಶ ಕಳಿಸ್ತಾನೆ. ಚಿಕ್ಕಮ್ಮ ಚೆನ್ನಾಗಿದ್ದಾರಂತೆ.

2024ರಲ್ಲಿ ರಸ್ತೆ ಅಗಲ ಮಾಡೋಕೆ, ಊರು ಚೆಂದ ಮಾಡೋಕೆ ಅಂತ ಪಿಯಾಸಾದ ಎಷ್ಟೋ ಹಳೇ ಕಟ್ಟಡಗಳನ್ನು ಕೆಡವಿದರು. ಅವನೇ ವಿಡಿಯೋ ಕಳಿಸಿದ್ದ. ಕುದುರೆ ಏರಿದ ಮೆನೆಲಿಕ್ ಇದ್ದಾನೆ. ದೊಡ್ಡಪ್ಪನ ನಕ್ಷೆಯ ಎಡ ತಿರುವು ಇರಲಿಲ್ಲ. ಆ ಗೇಟೂ ಇರಲಿಲ್ಲ.

ಆದರೆ ಫೋಟೋ ಇತ್ತು. 2019ರ ಡಿಸೆಂಬರ್‌ನಲ್ಲಿ ಊರಿಗೆ ಹೋಗಿ ಅದನ್ನು ಕೈಗಿಟ್ಟಾಗ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಈ ಗೇಟೇ. ಇದೇ ಗೇಟು" ಅಂದರು. ನಾನು ಮುದುಕ ಗುನುಗಿದ ಧಾಟಿ ಗುನುಗಿ ತೋರಿಸಿದೆ. ದೊಡ್ಡಪ್ಪನೂ ಗುನುಗಿದರು. ಆಮೇಲೆ ಕಣದ ಜಗಳದ ಕಥೆ ಎಲ್ಲ ಹೇಳಿದೆ. ದುಡ್ಡು ಬರಲ್ಲ ಅಂತಲೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಇದನ್ನ ಬರಿ. ಪೂರ್ತಿ ಬರಿ. ಪಿಯುಸಿ ಬಿಟ್ಟರೂ ಇಷ್ಟಾದ್ರೂ ಕಲಿತೆ" ಅಂದರು. 2021ರಲ್ಲಿ ತೀರಿಕೊಳ್ಳುವವರೆಗೂ ಆ ಫೋಟೋ ಅವರ ಮೇಜಿನ ಗಾಜಿನ ಕೆಳಗೆ ಇತ್ತು. ಈಗ ನನ್ನ ಕೋಣೆಯಲ್ಲಿದೆ.

ಬರೆಯೋಕೆ ಇಷ್ಟು ವರ್ಷ ಬೇಕಾಯಿತು, ಕ್ಷಮಿಸಿ. ಮುಂದಿನ ಸಲ ತೆರೆ ಮೇಲೆ ಮೈಗೆ ಬಣ್ಣ ಬಳಿದ 'ಆಫ್ರಿಕಾದವರು' ಕುಣಿಯೋಕೆ ಬಂದರೆ, ಶಿಳ್ಳೆ ಹೊಡೆಯೋ ಮುಂಚೆ ಆ ಚಿಕ್ಕಮ್ಮನನ್ನು ಒಂದು ಸಲ ನೆನೆಸಿಕೊಳ್ಳಿ. ನಮ್ಮ ತಾಯಂದಿರು ತೆರೆ ಮೇಲೆ ಅತ್ತಾಗ ಭಾಷೆ ಗೊತ್ತಿಲ್ಲದೆ ಜೊತೆಗೆ ಅತ್ತ ಜನ ಅವರು. ಅವರದ್ದೂ ಒಂದು ಪಿಕ್ಚರ್ ನೋಡೋಣ.

ಸರಿ, ಕಂಡಕ್ಟರ್ ಸೀಟಿ ಊದಿದ. ಮತ್ತೆ ಸಿಗೋಣ.